ಹಿಮ್ಮೇಳಕ್ಕೂ ಸಲ್ಲಲಿ ಪ್ರಶಸ್ತಿ

ಕರ್ನಾಟಕ ಜಾನಪದ ಅಕಾಡೆಮಿ ವರ್ಷವರ್ಷವೂ ಜಿಲ್ಲೆಗೊಬ್ಬರಂತೆ ಕಲಾವಿದರನ್ನು ಆರಿಸಿ ಗೌರವ ಪ್ರಶಸ್ತಿ ಕೊಡುತ್ತದೆ. ಜೊತೆಗೆ ವಿದ್ವಾಂಸರಿಗೆ ಎರಡು ತಜ್ಞ ಪ್ರಶಸ್ತಿಗಳುಂಟು, ಒಂದು ಬಿ.ಎಸ್. ಗದ್ದಗಿಮಠರ ಹೆಸರಿನದು, ಇನ್ನೊಂದು ಮಂಡ್ಯ ಜಿಲ್ಲೆಯವರೇ ಆದ ಜೀ.ಶಂ. ಪರಮಶಿವಯ್ಯನವರ ಹೆಸರಿನದು. ಕಲಾವಿದರ ಪಟ್ಟಿಯಲ್ಲಿ ಮಂಡ್ಯದ ಪಾಲು ಒಂದೇ ಸಾಲು. ಮಳವಳ್ಳಿ ಕಡೆಯ ತಂಬೂರಿ ಪದದವರು, ಮದ್ದೂರು ಕಡೆಯ ಸೋಬಾನೆ ಹೆಂಗಸರು, ಪೂಜಾ ಕುಣಿತದವರು, ತಮಟೆಯವರು ಎಲ್ಲರೂ ಅದಕ್ಕೇ ಕಾಯಬೇಕು. ಹೀಗೆ ಜಿಲ್ಲಾವಾರು ಹಂಚಿದರೆ ಯೋಗ್ಯತೆಗೆ ಬೆಲೆ ಎಲ್ಲಿ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೋಬಾನೆಯನ್ನೂ ತಮಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜಿಲ್ಲೆಯ ಕಟ್ಟುಪಾಡು ಇರುವುದರಿಂದಲೇ ಬೆಂಗಳೂರಿನ ವೇದಿಕೆ ಹತ್ತದವರ ಹೆಸರೂ ಪಟ್ಟಿಗೆ ಬರುತ್ತದೆ. ನನ್ನ ತಕರಾರು ಬೇರೆ. ಪ್ರಶಸ್ತಿ ಒಬ್ಬರಿಗೆ ಸಲ್ಲುತ್ತಿದೆ, ಹಾಡು ಮಾತ್ರ ಮೇಳದ್ದು.

ಮಂಟೇಸ್ವಾಮಿ ಕಾವ್ಯವನ್ನೇ ನೋಡಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ಈ ಕಥೆಯನ್ನು ರಾತ್ರಿಯಿಡೀ ಹಾಡಬಲ್ಲರು. ಮುಂದಾಳು ತಂಬೂರಿ ಮೀಟುತ್ತ, ಗಗ್ಗರ ಆಡಿಸುತ್ತ ಕಥೆ ಎತ್ತಿಕೊಡುತ್ತಾನೆ. ಹಿಮ್ಮೇಳದವರು ದಮ್ಮಡಿ, ತಾಳದೊಂದಿಗೆ ಸೊಲ್ಲು ಹಿಡಿಯುತ್ತಾರೆ, ನಡುನಡುವೆ ಹೂಂಗುಟ್ಟುತ್ತಾರೆ, ಕಥೆ ಮುಂದೆ ಸಾಗುವಂತೆ ಪ್ರಶ್ನೆ ಹಾಕುತ್ತಾರೆ. ಅವರು ಸೊಲ್ಲು ಎಳೆಯುವ ಆ ಗಳಿಗೆಯಲ್ಲೇ ಮುಂದಾಳು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನೆಸಿಕೊಳ್ಳುವುದು. ಕಥೆ ಕಲಿಯುವುದೂ ಅಲ್ಲೇ: ಇಂದು ತಾಳ ಹಾಕುವವನೇ ನಾಳೆ ತಂಬೂರಿ ಹೊರುತ್ತಾನೆ. ಮಳವಳ್ಳಿ ಮಹದೇವಸ್ವಾಮಿಯವರ ಕಂಠವನ್ನು ಕ್ಯಾಸೆಟ್ಟುಗಳು ಊರೂರಿಗೆ ಮುಟ್ಟಿಸಿದವು. ಅಂಥ ಹಾಡಿಕೆಯಲ್ಲಿ ಸೊಲ್ಲು ಕೊಟ್ಟವರನ್ನು ಹೆಸರು ಹಿಡಿದು ಹೇಳಬಲ್ಲ ಕೇಳುಗರು ಎಷ್ಟು ಮಂದಿ?

ಸಾವಿರಾರು ಸಾಲು ನೆನಪಿಟ್ಟವನು ಮುಂದಾಳು, ಗೌರವವೂ ಅವನದೇ ಎನ್ನಬಹುದು. ಹೊಣೆ ಅವನದು ಹೆಚ್ಚು, ನಿಜ. ಆದರೆ ಮೇಳವಿಲ್ಲದೆ ಆ ನೆನಪು ಹಾಡಾಗುವುದಿಲ್ಲ. ಇರುವ ಅಲ್ಪ ಹಣವನ್ನು ನಾಲ್ವರಿಗೆ ಹಂಚಿದರೆ ಯಾರ ಕೈಗೆ ಏನು ಬಂತು ಎಂಬ ಮಾತು ಇನ್ನೂ ಗಟ್ಟಿಯಾದದ್ದು. ಹಣ ಮುಂದಾಳಿಗೇ ಇರಲಿ. ಪ್ರಶಸ್ತಿ ಪತ್ರದಲ್ಲಿ ಹಿಮ್ಮೇಳದವರ ಹೆಸರು, ಊರು, ಹಿಡಿದ ವಾದ್ಯ ಅಚ್ಚಾಗಲಿ. ವೇದಿಕೆಗೆ ಅವರನ್ನೂ ಕರೆಯಲಿ. ಇದು ಬರಿಯ ಮರ್ಯಾದೆಯ ಮಾತಲ್ಲ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಇಷ್ಟು ವರ್ಷ ಕಲೆಯಲ್ಲಿ ದುಡಿದಿದ್ದೇನೆ ಎಂಬುದಕ್ಕೆ ದಾಖಲೆ ತೋರಿಸಬೇಕು. ಜೀವಮಾನವಿಡೀ ದಮ್ಮಡಿ ಬಡಿದ ಮುದುಕನಿಗೆ ಅಕಾಡೆಮಿಯ ಮೊಹರಿರುವ ಅಂಥದೊಂದು ಕಾಗದ ಅಲ್ಲಿ ಆಧಾರವಾಗುತ್ತದೆ.