ತೋಟದ ದಾರಿಗೆ ಬಿ.ಎಂ.ಡಬ್ಲ್ಯು.: ನಾಲ್ಕು ದಿನದ ಪರೀಕ್ಷೆ

ಕಾಫಿಗೆ ಬೆಲೆ ಬಂದ ವರ್ಷ ನಮ್ಮ ಸಂಘದ ಜಗಲಿಯ ಮೇಲಿನ ಮಾತುಕತೆಯೇ ಬೇರೆಯಾಗುತ್ತದೆ. ಬೆಲೆ ಬಿದ್ದಾಗ ಮೈಲುತುತ್ತ, ಸುಣ್ಣ, ಗೊಬ್ಬರದ ಬಾಕಿ. ಬೆಲೆ ಏರಿದಾಗ ಮಗಳ ಮದುವೆ, ಹೆಂಚು ತೆಗೆದು ತಾರಸಿ, ಆಮೇಲೆ ಕಾರು. 2024ರ ಸೆಪ್ಟೆಂಬರಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ಮೀರಿತು. ಅಲ್ಲಿಂದೀಚೆಗೆ ಗೊಬ್ಬರದ ಚೀಟಿ ಬರೆಸಲು ಬಂದವರೂ ಹೋಗುವ ಮುನ್ನ ಒಮ್ಮೆ ಕಾರಿನ ಮಾತು ಎತ್ತದೆ ಹೋಗುವುದಿಲ್ಲ.

ಕಳೆದ ದೀಪಾವಳಿಗೆ ಒಂದು ವಾರ ಮುಂಚೆ ನಮ್ಮ ಸದಸ್ಯರೊಬ್ಬರು ಬಂದು ಕುರ್ಚಿ ಎಳೆದು ಕುಳಿತರು. ಅವರದು ಆರು ಎಕರೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಕೆಳಗಿನ ಗದ್ದೆಯ ಪಕ್ಕ ಎರಡು ಎಕರೆ ಅಡಿಕೆ. ಬೆಂಗಳೂರಿನಲ್ಲಿರುವ ಅವರ ಅಕ್ಕನ ಮಗ ತನ್ನ ಬಿ.ಎಂ.ಡಬ್ಲ್ಯು. ಮಾರುತ್ತಾನಂತೆ. 2020ರ ಕೊನೆಯಲ್ಲಿ ಕೊಂಡ 320ಡಿ, ಡೀಸೆಲ್ ಗಾಡಿ. ಕೇಳುವುದು 28 ಲಕ್ಷ. "ಸೆಕ್ರೆಟರಿಯವರೇ, ಹೊರಗಿನವರಾದರೆ ಬೇರೆ. ಸ್ವಂತ ಅಳಿಯನ ಗಾಡಿ, ಒಬ್ಬನ ಕೈಲೇ ಓಡಿದ್ದು. ನಮಗೆ ದಿನಾ ಓಡಾಡೋಕೆ ಆಗುತ್ತೋ ಇಲ್ಲವೋ, ನೀವು ಒಂದು ಸಲ ನೋಡಿ ಹೇಳಿಬಿಡಿ" ಎಂದರು. ಜತೆಗೆ, ಬೆಳೆಯ ಮೇಲೆ ಸಂಘದಿಂದ ಸ್ವಲ್ಪ ಮುಂಗಡ ಸಿಗುವುದೇ ಎಂದೂ ಮೆಲ್ಲಗೆ ಕೇಳಿದರು. ಕಾರಿಗೆ ಬೆಳೆಸಾಲ ಕೊಡಲು ನಮ್ಮ ಬೈಲಾದಲ್ಲಿ ಅವಕಾಶವಿಲ್ಲವೆಂದು ಅಲ್ಲೇ ಹೇಳಿದೆವು. ಗಾಡಿ ನೋಡಿಕೊಡುವುದಕ್ಕೆ ಮಾತ್ರ ಒಪ್ಪಿದೆವು. ನಾವು ಕಾಲೇಜಿನಲ್ಲಿ ಓದಿದ್ದು ಸಸ್ಯಶಾಸ್ತ್ರವಾದರೂ ಮೋಟಾರು ವಿದ್ಯೆ ಕಲಿತದ್ದು ತಂದೆಯವರ ಹಳೆಯ ವಿಲ್ಲಿಸ್ ಜೀಪಿನ ಅಡಿಯಲ್ಲಿ ಗೋಣಿ ಹಾಸಿ ಮಲಗಿ. ಅಷ್ಟು ಅಧಿಕಾರ ಸಾಕೆಂದು ಭಾವಿಸುತ್ತೇವೆ.

ಈ ಗಾಡಿಯ ಕುಲಗೋತ್ರ ಎರಡು ಮಾತಿನಲ್ಲಿ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ '3 ಸೀರೀಸ್' ಎಂಬ ಹೆಸರಿನಲ್ಲಿ ಕಾರು ಮಾಡಲು ತೊಡಗಿದ್ದು 1975ರಲ್ಲಿ. ಈಗ ನಾವು ಹೇಳುತ್ತಿರುವುದು ಅದರ ಏಳನೆಯ ತಲೆಮಾರು; 2018ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲು ತೋರಿಸಿದರು, 2019ರಲ್ಲಿ ನಮ್ಮ ದೇಶಕ್ಕೆ ಬಂತು. ಚೆನ್ನೈ ಬಳಿಯ ಕಾರ್ಖಾನೆಯಲ್ಲಿ 2007ರಿಂದ ಈ ಕಂಪನಿಯ ಕಾರುಗಳನ್ನು ಜೋಡಿಸುತ್ತಿದ್ದಾರೆ. ಸಂಸಾರ ಕೂರುವ ನಾಲ್ಕು ಬಾಗಿಲಿನ ಕಾರೂ ಆಗಬೇಕು, ಓಡಿಸುವವನಿಗೆ ಪಂದ್ಯದ ಗಾಡಿಯ ಖುಷಿಯೂ ಸಿಗಬೇಕು ಎಂಬುದು ಇದರ ಹಿಂದಿನ ಯೋಚನೆ. ಅದಕ್ಕಾಗಿ ಎಂಜಿನ್ನನ್ನು ಮುಂದಿನ ಅಚ್ಚಿನಿಂದ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ, ಬ್ಯಾಟರಿಯನ್ನು ಡಿಕ್ಕಿಗೆ ಕಳಿಸಿದ್ದಾರೆ. ಗಾಡಿಯ ಭಾರ ಮುಂದೆ ಹಿಂದೆ ಸರಿಸುಮಾರು ಸಮನಾಗಿ ಹಂಚಿದೆ. ದೂಡುವುದು ಹಿಂದಿನ ಚಕ್ರ, ತಿರುಗಿಸುವುದು ಮುಂದಿನ ಚಕ್ರ.

ಅಳಿಯ ಹಬ್ಬಕ್ಕೆ ಬಂದ. ಮೊದಲ ದಿನ ಬೆಳಿಗ್ಗೆ ಬಾಳೆಹೊನ್ನೂರಿನಿಂದ ಆಲ್ದೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಹೊರಟೆವು. "ಸಾರ್, ನೀವೇ ಓಡಿಸಿ" ಎಂದು ಅವನು ಪಕ್ಕಕ್ಕೆ ಕುಳಿತ. ಆ ದಾರಿಯ ತಿರುವುಗಳನ್ನು ನಾವು ಮೂವತ್ತು ವರ್ಷದಿಂದ ಬಲ್ಲೆವು. ಎಲ್ಲಿ ಹಾರನ್ ಹಾಕಬೇಕು, ಎಲ್ಲಿ ಬಸ್ಸು ನಡುವೆ ನಿಂತಿರುತ್ತದೆ ಎಂಬುದು ಬಾಯಿಪಾಠ. ಆದರೆ ಅವು ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ. ಸ್ಟೇರಿಂಗು ನಾವು ಹೇಳಿದಷ್ಟೇ ತಿರುಗುತ್ತದೆ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಬೊಲೆರೊ ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ಹೋಗುವುದು ರೂಢಿ. ಇದು ನೆಲ ಕಚ್ಚಿಕೊಂಡೇ ಹೋಗುತ್ತದೆ. ಎಂಜಿನ್ನು ಎರಡು ಲೀಟರಿನದು, 190 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ 6.8 ಸೆಕೆಂಡು ಎಂದು ಕಂಪನಿಯವರು ಹೇಳುತ್ತಾರೆ. ನಾವು ಪರೀಕ್ಷಿಸಲಿಲ್ಲ, ಪರೀಕ್ಷಿಸುವ ಜಾಗವೂ ನಮ್ಮ ತಾಲ್ಲೂಕಿನಲ್ಲಿಲ್ಲ. ಎಂಟು ಗೇರಿನ ಸ್ವಯಂಚಾಲಿತ ಪೆಟ್ಟಿಗೆ ಏರಿನಲ್ಲಿ ತಾನೇ ಅರಿತು ಗೇರು ಇಳಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬೇಕೆಂದರೆ ನಾವೇ ಕೈಯಿಂದ ಇಳಿಸಿ ಎಂಜಿನ್ನಿನ ಹಿಡಿತದಲ್ಲೇ ಬರಬಹುದು. ಚಿಕ್ಕಮಗಳೂರು ಮುಟ್ಟಿದಾಗ, ನಿಜ ಹೇಳಬೇಕೆಂದರೆ, ಇಳಿಯಲು ಮನಸ್ಸಿರಲಿಲ್ಲ. ಐವತ್ತು ದಾಟಿದವರಿಗೆ ಇಂಥದ್ದು ಒಳ್ಳೆಯದಲ್ಲ.

ಮಧ್ಯಾಹ್ನ ತೋಟಕ್ಕೆ ವಾಪಸಾದಾಗ ಕಥೆ ಬದಲಾಯಿತು. ಡಾಮರು ರಸ್ತೆ ಬಿಟ್ಟು ನಮ್ಮ ಸದಸ್ಯರ ಮನೆ ಸೇರಲು ಒಂದೂಕಾಲು ಕಿಲೋಮೀಟರು ಮಣ್ಣುದಾರಿ. ದಣಪೆ ದಾಟಿದ ಮೇಲೆ ಒಂದು ಹಳೆಯ ಕಲ್ಲುಮೋರಿ, ಮೋರಿಯ ಎರಡೂ ಕಡೆ ಮಳೆಗೆ ಮಣ್ಣು ಕೊಚ್ಚಿ ನಡುವೆ ಗುಡ್ಡದಂತೆ ಉಬ್ಬಿದೆ. ಲಾರಿಯ ಚಕ್ರ ಕೊರೆದ ಎರಡು ಕಾಲುವೆ, ಮಧ್ಯೆ ಹುಲ್ಲು ಬೆಳೆದ ದಿಣ್ಣೆ. ನಿಮ್ಮೆಲ್ಲರ ತೋಟದ ದಾರಿಯೂ ಹೀಗೇ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಬೊಲೆರೊದ ಹೊಟ್ಟೆಗೂ ನೆಲಕ್ಕೂ ನಡುವೆ 180 ಮಿಲಿಮೀಟರು, ಅಂದರೆ ಏಳು ಅಂಗುಲ. ಈ ಕಾರು ಐದು ಜನ ಕುಳಿತರೆ ಆರು ಅಂಗುಲವೂ ಉಳಿಯುವುದಿಲ್ಲ. ಸಾಲದ್ದಕ್ಕೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2851 ಮಿಲಿಮೀಟರು. ಅಂತರ ಉದ್ದವಾದಷ್ಟೂ ಉಬ್ಬಿದ ಜಾಗಕ್ಕೆ ಹೊಟ್ಟೆ ತಾಗುವುದು ಬೇಗ. ಬರಿಯ ಎತ್ತರ ನೋಡಿ ಸಮಾಧಾನಪಡುವವರು ಇದನ್ನು ಗಮನಿಸಬೇಕು.

ಮೋರಿಯ ಬಳಿ ಬಂದಾಗ ಅಡಿಯಿಂದ ಕರ್ರೆಂದು ಸದ್ದು ಬಂತು. ಓಡಿಸುತ್ತಿದ್ದವರು ನಾವೇ, ಒಂದು ಚಕ್ರವನ್ನು ದಿಣ್ಣೆಯ ಮೇಲೆ ಹತ್ತಿಸಬೇಕಿತ್ತು, ಕಾಲುವೆಗೇ ಇಳಿಸಿದ್ದು ನಮ್ಮದೇ ತಪ್ಪು. ಭಾರ ಇಳಿಸಲು ಗಂಡಸರೆಲ್ಲ ಇಳಿದೆವು. ಹಿಂದೆ ಕುಳಿತಿದ್ದ ಸದಸ್ಯರ ತಾಯಿಯವರು ಮಾತ್ರ ಅಲುಗಲಿಲ್ಲ. ಅವರಿಗೆ ಎಪ್ಪತ್ತೆಂಟು, ಮಂಡಿನೋವು. "ಅಜ್ಜಿ, ಒಂದ್ನಿಮಿಷ ಇಳೀತೀರಾ?" ಎಂದು ಮೊಮ್ಮಗ ಕೇಳಿದ್ದಕ್ಕೆ, "ಇಳಿಯೋದು ಹೆಂಗೋ ಇಳಿದೇನು ಮಗಾ, ಈ ಹೊಂಡದೊಳಗೆ ಮತ್ತೆ ಕೂರೋಕಾಗಲ್ಲ" ಎಂದರು. ಅವರು ಹೊಂಡ ಎಂದದ್ದು ರಸ್ತೆಯದನ್ನಲ್ಲ, ಸೀಟನ್ನು. ಇಂಥ ಕಾರಿನಲ್ಲಿ ಆಸನ ತಗ್ಗು. ತಗ್ಗಿದ್ದರೇ ತಿರುವಿನಲ್ಲಿ ಸ್ಥಿರ. ಓಡಿಸುವವನಿಗೆ ಅನುಕೂಲವಾದದ್ದು ಮಂಡಿಗೆ ಶಿಕ್ಷೆ. ಅಂತೂ ಅಜ್ಜಿಯವರನ್ನು ಕೂರಿಸಿಕೊಂಡೇ ಮೋರಿ ದಾಟಿಸಿದೆವು, ನಾಲ್ವರು ಹಿಂದಿನಿಂದ ಕೈಕೊಟ್ಟು. ಅಷ್ಟು ಹೊತ್ತಿಗೆ ಹನಿ ಬಿದ್ದು ಕೆಂಪು ಮಣ್ಣು ಜಾರುತ್ತಿತ್ತು. ಅಗಲ ಟಯರು, ಹಿಂದಿನ ಚಕ್ರದ ದೂಡಿಕೆ. ಚಕ್ರ ಜಾರಿದೊಡನೆ ಕಂಪ್ಯೂಟರು ಎಂಜಿನ್ನಿನ ಶಕ್ತಿ ಕಡಿತ ಮಾಡುತ್ತದೆ. ಡಾಮರಿನ ಮೇಲೆ ಅದು ಪ್ರಾಣ ಉಳಿಸುವ ಏರ್ಪಾಡು, ಕೆಸರಿನಲ್ಲಿ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಟಯರಿನ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲ. ಈ ಗಾಡಿಯಲ್ಲಿದ್ದದ್ದು 17 ಇಂಚಿನ ಚಕ್ರ, 225/50 ಅಳತೆಯ ಟಯರು. 225ರ ಅರ್ಧ ಎಂದರೆ ಟಯರಿನ ಪಕ್ಕೆ ಸುಮಾರು 112 ಮಿಲಿಮೀಟರು. ಬೊಲೆರೊದ 215/75 ಟಯರಿಗೆ ಅದೇ ಲೆಕ್ಕದಲ್ಲಿ 161. ಆ ಐವತ್ತು ಮಿಲಿಮೀಟರು ರಬ್ಬರೇ ಗುಂಡಿಯ ಏಟನ್ನು ನುಂಗುವುದು. ಪಕ್ಕೆ ಗಿಡ್ಡವಾದರೆ ಏಟು ನೇರ ಅಲ್ಯೂಮಿನಿಯಂ ರಿಮ್ಮಿಗೆ, ಅಲ್ಲಿಂದ ನಮ್ಮ ಬೆನ್ನಿಗೆ. ಇನ್ನು ಇದು ರನ್‌ಫ್ಲಾಟ್ ಎಂಬ ಜಾತಿಯ ಟಯರು. ಪಕ್ಕೆಯನ್ನು ದಪ್ಪಗೆ ಬಿಗಿಯಾಗಿ ಮಾಡಿರುವುದರಿಂದ ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ಹೋಗಬಹುದು. ರಾತ್ರಿ ಆನೆ ತಿರುಗುವ ಜಾಗದಲ್ಲಿ ಇಳಿದು ಜಾಕ್ ಹಾಕುವ ಪ್ರಮೇಯವಿಲ್ಲ, ಬಾಳೆಹೊನ್ನೂರಿನಲ್ಲಿ ಪಂಕ್ಚರಾದರೆ ಚಿಕ್ಕಮಗಳೂರು ಮುಟ್ಟಬಹುದು. ಇದು ದೊಡ್ಡ ಗುಣವೇ. ಆದರೆ ಬಿಗಿ ಪಕ್ಕೆಯಿಂದ ಕುಲುಕಾಟ ಇನ್ನಷ್ಟು ಹೆಚ್ಚು, ಮತ್ತು ಪಕ್ಕೆಗೆ ಕಲ್ಲು ಹೊಕ್ಕರೆ ನಮ್ಮ ಪೇಟೆಯ ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಪರಿಹಾರವಿಲ್ಲ, ಹೊಸ ಟಯರೇ ಗತಿ. ಡಿಕ್ಕಿಯಲ್ಲಿ ಒಂದು ಸಣ್ಣ ಸ್ಟೆಪ್ನಿ ಇದೆ. ಅದನ್ನಿಟ್ಟ ಮೇಲೆ ಎರಡು ಮೂಟೆ ಗೊಬ್ಬರವೂ ಸರಿಯಾಗಿ ಹಿಡಿಯಲಿಲ್ಲ. ಈ ಪ್ರಯೋಗಕ್ಕೆ ಅಳಿಯನ ಒಪ್ಪಿಗೆ ಮನಃಪೂರ್ವಕವಾಗಿರಲಿಲ್ಲ.

ಎರಡನೆಯ, ಮೂರನೆಯ ದಿನ ಸದಸ್ಯರ ನಿತ್ಯದ ಕೆಲಸಗಳನ್ನೆಲ್ಲ ಈ ಗಾಡಿಯಲ್ಲೇ ಮಾಡಿಸಿದೆವು. ಹಾಲು ಡೈರಿಗೆ ಮೂರು ಕಿ.ಮೀ., ಸಂಘಕ್ಕೆ ಆರು ಕಿ.ಮೀ., ಅಲ್ಲಿಂದ ಬ್ಯಾಂಕು, ಔಷಧಿ ಅಂಗಡಿ, ಮನೆ. ಇಲ್ಲೊಂದು ಸೂಕ್ಷ್ಮವಿದೆ. ಈಗಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಜಾಲರಿ ಇರುತ್ತದೆ. ಹಿಡಿದ ಮಸಿ ಆಗಾಗ ಸುಟ್ಟು ಬೂದಿಯಾಗಬೇಕು. ಅದಕ್ಕೆ ಹೊಗೆ ಚೆನ್ನಾಗಿ ಕಾಯಬೇಕು, ಕಾಯಬೇಕಾದರೆ ಗಾಡಿ ಒಂದೇ ಸಮನೆ ಸ್ವಲ್ಪ ದೂರ ಓಡಬೇಕು. ದಿನಾ ಮೂರು ಕಿ.ಮೀ. ಹೋಗಿ ನಿಲ್ಲಿಸಿ, ಮತ್ತೆ ಮೂರು ಕಿ.ಮೀ. ಬಂದು ನಿಲ್ಲಿಸಿದರೆ ಜಾಲರಿ ತುಂಬುತ್ತಲೇ ಹೋಗುತ್ತದೆ. ಇದು ಈ ಕಂಪನಿಯೊಂದರ ಮಾತಲ್ಲ, ಬಿ.ಎಸ್. 6 ಡೀಸೆಲ್ ಗಾಡಿಗಳೆಲ್ಲದರ ಗುಣ. ತೋಟದೊಳಗೇ ತಿರುಗುವವರು ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಒಳ್ಳೆಯ ರಸ್ತೆಯಲ್ಲಿ ನಿಲ್ಲಿಸದೆ ಓಡಿಸಬೇಕು. ನಮ್ಮ ಊರ ಮೆಕ್ಯಾನಿಕ್ಕಿಗೆ ಜೀಪಿನ ಎಂಜಿನ್ನು ಕಣ್ಣುಮುಚ್ಚಿ ಬಿಚ್ಚಲು ಬರುತ್ತದೆ. ಇದರ ದೀಪ ಹತ್ತಿದರೆ ಕಂಪನಿಯ ಕಂಪ್ಯೂಟರಿನ ಮುಂದೆಯೇ ನಿಲ್ಲಿಸಬೇಕು. ಅದಕ್ಕೆ ಘಟ್ಟ ಇಳಿಯಬೇಕು, ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಒಂದು ಸರ್ವೀಸಿಗೆ ಒಂದು ದಿನ ಮತ್ತು ಒಂದು ರಾತ್ರಿ ಎಂದು ಬರೆದಿಟ್ಟುಕೊಳ್ಳಿ.

ನಾಲ್ಕನೆಯ ದಿನ ಕಾಫಿ ಬೋರ್ಡಿನಲ್ಲಿ ಕೆಲಸವಿದ್ದುದರಿಂದ ಅಳಿಯನ ಜತೆ ಅದರಲ್ಲೇ ಬೆಂಗಳೂರಿಗೆ ಹೋದೆವು. ಬೇಲೂರು ದಾಟಿ ಹಾಸನದಿಂದ ನೆಲಮಂಗಲದವರೆಗಿನ ಚತುಷ್ಪಥ ರಸ್ತೆಯಲ್ಲಿ ಆ ಗಾಡಿ ತನ್ನ ಮನೆಗೆ ಬಂದಂತೆ ಓಡಿತು. ಒಳಗೆ ಸದ್ದಿಲ್ಲ, ಬೆನ್ನಿಗೆ ನೋವಿಲ್ಲ, ಲೀಟರಿಗೆ 18 ಕಿ.ಮೀ. ತೋರಿಸಿತು, ಮೂರು ದಿನ ತೋಟದ ಸುತ್ತ ತೋರಿಸಿದ್ದು 11. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಡಾಮರು ರಸ್ತೆಯ ಮೇಲೆ ಮನೆ ಇದ್ದು, ತಿಂಗಳಿಗೆ ಎರಡು ಸಲ ಬೆಂಗಳೂರು ಓಡಾಟ ಇರುವ ಸದಸ್ಯರು ಇದನ್ನು ಕೊಂಡರೆ ನಾವು ಬೇಡ ಎನ್ನುವುದಿಲ್ಲ. ಹೊಟ್ಟೆಕಿಚ್ಚು ಪಡುತ್ತೇವೆ, ಅಷ್ಟೆ.

ಹಳೆಯ ಗಾಡಿ ಕೊಳ್ಳುವವರಿಗೆ ಎರಡು ವಿಷಯ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಶೇ. 28 ಜಿ.ಎಸ್.ಟಿ. ಮತ್ತು ಅದರ ಮೇಲಿನ ಸೆಸ್ಸು ಹೋಗಿ ಶೇ. 40ರ ಒಂದೇ ದರ ಬಂದಿದೆ. ಹೊಸ ಗಾಡಿಯ ಬೆಲೆ ಇಳಿದ ಮೇಲೆ ಹಳೆಯದರದ್ದೂ ಇಳಿಯಲೇಬೇಕು, ಅದನ್ನು ಹಿಡಿದು ಚೌಕಾಸಿ ಮಾಡಿ. ಎರಡನೆಯದು, 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು ಕಡೆ ಎಷ್ಟೋ ದುಬಾರಿ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಗುರುತಿಲ್ಲದವರಿಂದ ಕೊಳ್ಳುವುದಾದರೆ ನೆಲದ ಹಾಸು ಎತ್ತಿ ನೋಡಿ, ವಿಮೆಯ ಹಳೆಯ ಕ್ಲೇಮುಗಳನ್ನು ಕೇಳಿ.

ವಾಪಸು ಬಂದು ನಮ್ಮ ಸದಸ್ಯರಿಗೆ ಇಷ್ಟನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಜೀವಮಾನದಲ್ಲಿ ಒಂದು ಸಲ ಬಂದ ಬೆಲೆ, ಸೆಕ್ರೆಟರಿಯವರೇ" ಎಂದರು. ಆ ಮಾತಿಗೆ ಒಮ್ಮೆಲೇ ಉತ್ತರ ಕೊಡಲು ನಮಗೂ ಆಗಲಿಲ್ಲ. 1994ರಲ್ಲಿ ಬ್ರೆಜಿಲ್ಲಿನ ತೋಟಗಳಿಗೆ ಹಿಮ ಬಿದ್ದು ಬೆಲೆ ಹಾರಿದಾಗ ಹಟ ಹಿಡಿದು ತಂದೆಯವರಿಂದ ಎಸ್ಟೀಮ್ ಕಾರು ಕೊಡಿಸಿಕೊಂಡವರು ನಾವು. ಆಗಲೂ ಎಲ್ಲರ ಬಾಯಲ್ಲೂ ಇದೇ ಮಾತು. 2001ರಲ್ಲಿ ಬೆಲೆ ಮೂರು ದಶಕಗಳಲ್ಲೇ ಕಾಣದಷ್ಟು ಕೆಳಗೆ ಬಿದ್ದಾಗ ಆ ಕಾರನ್ನು ಮಾರಿ ಕೊಯ್ಲಿನ ಕೂಲಿ ಬಟವಾಡೆ ಮಾಡಿದೆವು. ಕಾರಿನಲ್ಲಿ ಒಂದು ದೋಷವಿರಲಿಲ್ಲ. ತಂದೆಯವರು ಒಂದು ಮಾತೂ ಆಡಲಿಲ್ಲ, ಕೊಟ್ಟಿಗೆಯಿಂದ ಜೀಪು ಹೊರತೆಗೆದು ಒರೆಸಲು ಕುಳಿತರು. ಇದನ್ನು ಅವರಿಗೆ ಹೇಳಿದೆವು. ಅವರ ಅಡಿಕೆಗೆ ಎಲೆಚುಕ್ಕಿ ಹಿಡಿದು ಎರಡು ವರ್ಷವಾಗಿದೆ, ಮುಂದಿನ ಮಳೆಗಾಲಕ್ಕೆ ಎಷ್ಟು ಮರ ಉಳಿಯುತ್ತದೆಂದು ಅವರಿಗೇ ಗೊತ್ತಿಲ್ಲ. ಅದನ್ನು ನಾವು ಹೇಳಬೇಕಾಗಲಿಲ್ಲ.

ಅಳಿಯ ಈಗ 26 ಲಕ್ಷಕ್ಕೆ ಇಳಿದಿದ್ದಾನೆ. ಸದಸ್ಯರು ಹೂಂ ಎಂದೂ ಹೇಳಿಲ್ಲ, ಉಹೂಂ ಎಂದೂ ಹೇಳಿಲ್ಲ. ಆದರೆ ಡಿಸೆಂಬರಿನಲ್ಲಿ ಆ ಕಲ್ಲುಮೋರಿ ಕಿತ್ತು ಸಿಮೆಂಟಿನ ಪೈಪು ಹಾಕಿಸಿದರು, ಎರಡು ಬದಿಗೂ ಜಲ್ಲಿ ತುಂಬಿಸಿದರು, ನಡುವಿನ ದಿಣ್ಣೆ ಕೆತ್ತಿಸಿದರು. ಕಾರಿಗೋ ಎಂದು ಕೇಳಿದರೆ ನಗುತ್ತಾರೆ. ಈ ಸಲ ಚೆರ್ರಿ ತುಂಬಲು ಲಾರಿ ಕಣದವರೆಗೂ ಬಂತಂತೆ. ತಲೆಹೊರೆಯಲ್ಲಿ ದಣಪೆವರೆಗೆ ಮೂಟೆ ಸಾಗಿಸುವ ಕೂಲಿ ಉಳಿಯಿತಂತೆ. ಅಜ್ಜಿಯವರು ಮಂಡಿಗೆ ಔಷಧಿ ತರಲು ಆಸ್ಪತ್ರೆಗೆ ಹೋಗುವುದು ಈಗಲೂ ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ.