ಚಿಮ್ಮುವ ಹುಡುಗರು ಮತ್ತು ನೆಲದ ಲೆಕ್ಕ

2019ರ ಮೇ 5ರಂದು ಅಮೆರಿಕದ ‘ವರ್ಲ್ಡ್ ಆಫ್ ಡಾನ್ಸ್’ ಎಂಬ ಟಿ.ವಿ. ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಭಾರತದ ‘ದಿ ಕಿಂಗ್ಸ್’ ತಂಡವು ನೂರಕ್ಕೆ ನೂರು ಅಂಕ ಪಡೆದು ಹತ್ತು ಲಕ್ಷ ಡಾಲರ್ ಬಹುಮಾನವನ್ನು ಗೆದ್ದಿತು. ಅದಾಗಿ ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 2020ರ ಫೆಬ್ರುವರಿಯಲ್ಲಿ, ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್: ದಿ ಚಾಂಪಿಯನ್ಸ್’ ಸ್ಪರ್ಧೆಯ ಪ್ರಶಸ್ತಿಯೂ ಮತ್ತೊಂದು ಭಾರತೀಯ ತಂಡವಾದ ‘ವಿ. ಅನ್‌ಬೀಟಬಲ್’ ಪಾಲಾಯಿತು. ಇಬ್ಬರನ್ನೂ ನಮ್ಮ ಪತ್ರಿಕೆಗಳು ‘ಮುಂಬೈ ಹುಡುಗರು’ ಎಂದೇ ಕರೆದವು. ಆ ವರ್ಣನೆ ಪೂರ್ತಿ ಸರಿಯಲ್ಲ. ಮುಂಬೈ ಮಹಾನಗರಪಾಲಿಕೆಯ ಗಡಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಾಚೆಗೆ ಈ ಹುಡುಗರ ಊರುಗಳು ಆರಂಭವಾಗುತ್ತವೆ. ಅವರ ಕಥೆಯ ತಿರುಳು ಇರುವುದೂ ಆ ಗಡಿಯಲ್ಲೇ.

ಚರ್ಚ್‌ಗೇಟಿನಿಂದ ಹೊರಟ ಪಶ್ಚಿಮ ರೈಲ್ವೆಯ ಲೋಕಲ್ ದಹಿಸರ್ ದಾಟಿದ ಮೇಲೆ ಮೀರಾ ರೋಡ್ ಮತ್ತು ಭಾಯಂದರ್ ಬರುತ್ತವೆ. ನಂತರ ವಸಯಿ ಅಳಿವೆಯ ಮೇಲಿನ ಸೇತುವೆ. ಅದರಾಚೆ ನಾಯಗಾಂವ್, ವಸಯಿ ರೋಡ್, ನಾಲಾಸೋಪಾರ, ಕೊನೆಗೆ ಸುಮಾರು 60 ಕಿ.ಮೀ. ದೂರದ ವಿರಾರ್. ‘ಕಿಂಗ್ಸ್’ ಹುಡುಗರು ವಸಯಿ, ನಾಲಾಸೋಪಾರ ಕಡೆಯವರು, ‘ವಿ. ಅನ್‌ಬೀಟಬಲ್’ ಹುಡುಗರು ಭಾಯಂದರ್, ನಾಯಗಾಂವ್ ಸುತ್ತಲಿನ ಬಡ ಬಸ್ತಿಗಳವರು. 2011ರ ಜನಗಣತಿಯಲ್ಲಿ ವಸಯಿ-ವಿರಾರ್ ನಗರದ ಜನಸಂಖ್ಯೆ 12 ಲಕ್ಷವನ್ನೂ, ಮೀರಾ-ಭಾಯಂದರ್‌ನದು 8 ಲಕ್ಷವನ್ನೂ ಮೀರಿತ್ತು. ನಾಲ್ಕು ಪುರಸಭೆಗಳನ್ನೂ ಹತ್ತಾರು ಹಳ್ಳಿಗಳನ್ನೂ ಒಗ್ಗೂಡಿಸಿ ವಸಯಿ-ವಿರಾರ್ ಮಹಾನಗರಪಾಲಿಕೆಯನ್ನು ರಚಿಸಿದ್ದು 2009ರಷ್ಟು ಈಚೆಗೆ. ಮೊದಲು ಜನ ಬಂದರು, ಆಮೇಲೆ ಆಡಳಿತ ಬಂತು. ನೀರು, ಒಳಚರಂಡಿ, ಆಟದ ಮೈದಾನಗಳು ಇವೆರಡರ ನಡುವಿನ ಅಂತರದಲ್ಲಿ ಸಿಕ್ಕಿಕೊಂಡವು.

ಈ ಊರುಗಳು ಹೀಗೆ ಉಬ್ಬಿದ್ದಕ್ಕೆ ಆರ್ಥಿಕ ಕಾರಣವಿದೆ. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಮುಂಬೈಯ ಜವಳಿ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದಕ್ಕೆ ವಿಧ್ಯುಕ್ತ ಅಂತ್ಯವೇ ಇರಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಕಚೇರಿಗಳು, ಮಾಲ್‌ಗಳು, ಮುಗಿಲೆತ್ತರದ ವಸತಿಗಳು ಎದ್ದವು. ದುಡಿಯುವ ವರ್ಗಕ್ಕೆ ನಗರದ ಒಳಗೆ ಸೂರು ಹೊಂದುವುದು ದುಸ್ತರವಾದಂತೆ ಅದು ರೈಲುಹಳಿಯ ಗುಂಟ ಉತ್ತರಕ್ಕೆ ಸರಿಯಿತು. ಉತ್ತರ ಪ್ರದೇಶ, ಬಿಹಾರ, ಕೊಂಕಣ ಹಾಗೂ ನಮ್ಮ ಕರಾವಳಿಯಿಂದ ಹೊಸದಾಗಿ ಬಂದವರೂ ಅಲ್ಲೇ ನೆಲೆ ಕಂಡುಕೊಂಡರು. ‘ಕಿಂಗ್ಸ್’ ಕಟ್ಟಿದವರು ಸುರೇಶ್ ಮುಕುಂದ್ ಮತ್ತು ವೆರ್ನಾನ್ ಮೊಂಟೇರೊ, ‘ವಿ. ಅನ್‌ಬೀಟಬಲ್’ ನಾಯಕ ಓಂಪ್ರಕಾಶ್ ಚೌಹಾಣ್. ಜಾತಿ, ಮತ, ಭಾಷೆಗಳಾಚೆ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಒಂದೇ ರೈಲಿಗೆ ಕಾಯುವ ಜನರ ವೈವಿಧ್ಯ ಈ ಮೂರೇ ಹೆಸರುಗಳಲ್ಲಿ ಕಾಣುತ್ತದೆ.

ಹಿಪ್ ಹಾಪ್ ನೃತ್ಯವೂ ಹುಟ್ಟಿದ್ದು ಇಂಥದೇ ನೆಲದಲ್ಲಿ ಎಂಬುದು ಗಮನಾರ್ಹ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶವನ್ನು ಸೀಳಿಕೊಂಡು ಹೆದ್ದಾರಿ ಹಾದುಹೋಯಿತು, ಕಾರ್ಖಾನೆಗಳು ಕಾಲ್ತೆಗೆದವು, 1975ರ ಹೊತ್ತಿಗೆ ನಗರಾಡಳಿತವೇ ದಿವಾಳಿಯ ಅಂಚಿಗೆ ಬಂದು ಸೇವೆಗಳಿಗೆ ಕತ್ತರಿ ಹಾಕಿತು. 1970ರಲ್ಲಿ ಸುಮಾರು 14.7 ಲಕ್ಷವಿದ್ದ ಬ್ರಾಂಕ್ಸ್‌ನ ಜನಸಂಖ್ಯೆ 1980ಕ್ಕೆ 11.7 ಲಕ್ಷಕ್ಕೆ ಕುಸಿಯಿತು. ಆ ಸುಟ್ಟ ಕಟ್ಟಡಗಳ ನಡುವೆ 1973ರ ಆಗಸ್ಟ್ 11ರಂದು, ಜಮೈಕಾ ಮೂಲದ ತರುಣ ಡಿಜೆ ಕೂಲ್ ಹರ್ಕ್ ಒಂದು ವಸತಿ ಸಮುಚ್ಚಯದ ಸಾಮುದಾಯಿಕ ಕೊಠಡಿಯಲ್ಲಿ ನಡೆಸಿಕೊಟ್ಟ ಸಂಗೀತಕೂಟವನ್ನು ಹಿಪ್ ಹಾಪ್‌ನ ಜನ್ಮದಿನವೆಂದು ಎಣಿಸಲಾಗುತ್ತದೆ. 1977ರಲ್ಲಿ ಅಲ್ಲಿ ಹುಟ್ಟಿದ ‘ರಾಕ್ ಸ್ಟೆಡಿ ಕ್ರೂ’ ಈ ಬಗೆಯ ನೃತ್ಯತಂಡಗಳಲ್ಲಿ ಬಹು ಪ್ರಸಿದ್ಧ. ಕಪ್ಪು ಜನಾಂಗದ, ಪೋರ್ಟೊ ರಿಕೊ ಮೂಲದ ಹುಡುಗರು ಬೀದಿ ಗುಂಪುಗಳ ಹೊಡೆದಾಟದ ಬದಲು ನೃತ್ಯದಲ್ಲಿ ಪಂಥ ಕಟ್ಟಿದರು. ಹಾಸಲು ಒಂದು ರಟ್ಟಿನ ಹಾಳೆ, ಒಂದು ಟೇಪ್ ರೆಕಾರ್ಡರ್ ಇಷ್ಟೇ ಅವರ ಬಂಡವಾಳ.

ಬಂಡವಾಳ ಕಡಿಮೆ ಬೇಡುವ ಕಲೆ ಬಡವರ ಕಲೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಶಾಸ್ತ್ರೀಯ ನೃತ್ಯಕ್ಕೆ ಗುರುದಕ್ಷಿಣೆ, ಪಕ್ಕವಾದ್ಯ, ವೇಷಭೂಷಣ, ರಂಗಪ್ರವೇಶದ ಖರ್ಚು ಇವೆಲ್ಲವನ್ನೂ ಹೊರುವ ಕುಟುಂಬ ಬೇಕು. ಹಿಪ್ ಹಾಪ್‌ಗೆ ಬೇಕಾದದ್ದು ದೇಹ, ಸಮಯ ಮತ್ತು ಜೊತೆಗಾರರು. ಅದರಲ್ಲೂ ಜೊತೆಗಾರರು. ‘ವಿ. ಅನ್‌ಬೀಟಬಲ್’ ಹುಡುಗರು ಅಮೆರಿಕದ ವೇದಿಕೆಯಲ್ಲಿ ಹೇಳಿಕೊಂಡಂತೆ, ಅವರ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಏಳರಿಂದ ಹತ್ತು ಜನ ವಾಸಿಸುತ್ತಾರೆ. ಇಂಥ ಮನೆಯ ಹುಡುಗನಿಗೆ ತಂಡವೇ ಎರಡನೆಯ ಮನೆ. ಅವನು ಮಲಗುವ ಜಾಗ ಕಿರಿದಾದರೂ ನಿಲ್ಲುವ ಜಾಗವೊಂದು ಆ ಸಾಲಿನಲ್ಲಿ ಅವನ ಹೆಸರಿಗಿರುತ್ತದೆ. ಅವನು ಬಾರದಿದ್ದರೆ ಗೋಪುರ ನಿಲ್ಲುವುದಿಲ್ಲ. ಶಾಲೆಯಾಗಲೀ ಕೆಲಸದ ಜಾಗವಾಗಲೀ ಅವನಿಗೆ ಇಷ್ಟು ಮಹತ್ವವನ್ನು ಕೊಟ್ಟಿರಲಾರದು.

ಮುಂಬೈ ಕನ್ನಡಿಗರಿಗೆ ಇದು ಅಪರಿಚಿತ ಅನುಭವವೇನಲ್ಲ. ಕಳೆದ ಶತಮಾನದಲ್ಲಿ ದಕ್ಷಿಣ ಕನ್ನಡದಿಂದ ಹೋಗಿ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಹಗಲು ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಸಮುದಾಯದ ಸಂಘಗಳು ಅವರಿಗೆ ಶಾಲೆಯ ಜೊತೆಗೆ ಯಕ್ಷಗಾನ ಮತ್ತು ನಾಟಕದ ವೇದಿಕೆಯನ್ನೂ ಕೊಟ್ಟವು. ಮಾಲೀಕನ ಎದುರು ‘ಏ ಹುಡುಗಾ’ ಎನಿಸಿಕೊಳ್ಳುತ್ತಿದ್ದವನು ಗಣೇಶೋತ್ಸವದ ರಾತ್ರಿ ಅರ್ಜುನನೋ ಕರ್ಣನೋ ಆಗುತ್ತಿದ್ದ. ಇಂದಿನ ನಾಲಾಸೋಪಾರದ ಹುಡುಗ ಹುಡುಕುತ್ತಿರುವುದೂ ಅದೇ ಮನ್ನಣೆಯನ್ನು. ವ್ಯತ್ಯಾಸವೆಂದರೆ, ಅಂದು ವೇದಿಕೆಯನ್ನು ಒದಗಿಸಿದ್ದು ಸಮುದಾಯ. ಇಂದು ಒದಗಿಸುತ್ತಿರುವುದು ಟಿ.ವಿ. ವಾಹಿನಿ. ಸಮುದಾಯ ಪ್ರತಿವರ್ಷವೂ ವೇದಿಕೆ ಕಟ್ಟುತ್ತಿತ್ತು. ವಾಹಿನಿಯಾದರೋ ಗೆದ್ದವನನ್ನು ಮಾತ್ರ, ಅದೂ ಮುಂದಿನ ಆವೃತ್ತಿ ಬರುವವರೆಗೆ ಮಾತ್ರ, ನೆನಪಿಟ್ಟುಕೊಳ್ಳುತ್ತದೆ.

ಈ ನೃತ್ಯವು ಅಮೆರಿಕದ ಕುರುಡು ಅನುಕರಣೆ ಎಂಬ ಆಕ್ಷೇಪವನ್ನು ನನ್ನ ವಯಸ್ಸಿನವರಿಂದ ಆಗಾಗ ಕೇಳುತ್ತೇನೆ. 2015ರ ‘ಎಬಿಸಿಡಿ 2’ ಚಿತ್ರಕ್ಕೆ ಸುರೇಶ್ ಮತ್ತು ವೆರ್ನಾನ್ ತಂಡದ ಬದುಕೇ ಪ್ರೇರಣೆ. ನೃತ್ಯ ಕದ್ದ ಆಪಾದನೆಯಿಂದ ಅವಮಾನಿತವಾದ ತಂಡವೊಂದು ಮತ್ತೆ ಎದ್ದು ನಿಲ್ಲುವುದು ಅದರ ಕಥಾವಸ್ತು. ಅದನ್ನು ನಿರ್ದೇಶಿಸಿದ ರೆಮೋ ಡಿಸೋಜ ಹುಟ್ಟಿದ್ದು ಬೆಂಗಳೂರಿನಲ್ಲಿ; ಗುರುವಿನ ಪಾತ್ರ ವಹಿಸಿದ ಪ್ರಭುದೇವ ಮೈಸೂರಿನಲ್ಲಿ ಹುಟ್ಟಿದ, ಮೂಗೂರು ಸುಂದರ್ ಅವರ ಪುತ್ರ. ಆ ತಂಡವು 2011ರಲ್ಲಿ ‘ಇಂಡಿಯಾಸ್ ಗಾಟ್ ಟ್ಯಾಲೆಂಟ್’ ಗೆದ್ದು, 2015ರಲ್ಲಿ ಸ್ಯಾನ್ ಡಿಯೇಗೊದ ವಿಶ್ವ ಹಿಪ್ ಹಾಪ್ ಸ್ಪರ್ಧೆಯಲ್ಲಿ ಕಂಚು ಪಡೆದು, ಬಳಿಕ 2019ರ ಶಿಖರಕ್ಕೆ ಏರಿತು. ಅಮೆರಿಕದಲ್ಲಿ ಈ ತಂಡಗಳಿಗೆ ಚಪ್ಪಾಳೆ ತಂದುಕೊಟ್ಟದ್ದು ಅಮೆರಿಕದ ನಕಲಲ್ಲ. ‘ವಿ. ಅನ್‌ಬೀಟಬಲ್’ ಅಲ್ಲಿ ಕುಣಿದ ಹಾಡುಗಳಲ್ಲಿ ಒಂದು ರಜನೀಕಾಂತ್ ಅವರ ‘ಪೇಟ್ಟ’ ಚಿತ್ರದ ತಮಿಳು ಹಾಡು. ಬೆಂಗಳೂರಿನ ಬಸ್ ಕಂಡಕ್ಟರ್ ಒಬ್ಬರು ತಮಿಳು ತೆರೆಯಲ್ಲಿ ನಿರ್ಮಿಸಿದ ಠೀವಿಯನ್ನು ಭಾಯಂದರ್‌ನ ಹಿಂದಿ ಮಾತಾಡುವ ಹುಡುಗರು ಅಮೆರಿಕನ್ನರ ಮುಂದೆ ಮೆರೆದರು! ಸಂಸ್ಕೃತಿಯ ಕೊಡುಕೊಳೆ ನಮ್ಮ ವಾಗ್ವಾದಗಳಿಗಿಂತ ವೇಗವಾಗಿ ನಡೆಯುತ್ತದೆ.

ಆದರೆ ಈ ಚಪ್ಪಾಳೆಗೆ ತೆತ್ತ ಬೆಲೆ ಯಾವುದು? ‘ವಿ. ಅನ್‌ಬೀಟಬಲ್’ ಎಂಬ ಹೆಸರಿನಲ್ಲಿರುವ ‘ವಿ’ ಎಂದರೆ ವಿಕಾಸ್. ಅಮೆರಿಕದ ವೇದಿಕೆ ಏರುವುದಕ್ಕೆ ಸುಮಾರು ಆರು ವರ್ಷ ಮೊದಲು, ಅಭ್ಯಾಸದ ವೇಳೆ ಬಿದ್ದು, ಪಾರ್ಶ್ವವಾಯುವಿಗೆ ತುತ್ತಾಗಿ, ಕೆಲವೇ ದಿನಗಳಲ್ಲಿ ತೀರಿಕೊಂಡ ಗೆಳೆಯ. ಹಳದಿ ಅಂಗಿಯ ಬೆನ್ನಿನ ಮೇಲೆ ಅವನ ಹೆಸರು ಹೊತ್ತು ಇವರು ಕುಣಿಯುತ್ತಾರೆ. ಈ ನಿಷ್ಠೆ ಕಂಡು ತೀರ್ಪುಗಾರರ ಕಣ್ಣು ಒದ್ದೆಯಾಯಿತು. ಕೋಟ್ಯಂತರ ವೀಕ್ಷಕರ ಕಣ್ಣೂ ಒದ್ದೆಯಾಗಿರಬಹುದು. ಆದರೆ ಆತ ಬಿದ್ದಾಗ ಕೆಳಗೆ ಹಾಸು ಏಕಿರಲಿಲ್ಲ, ತರಬೇತಾದ ಮೇಲ್ವಿಚಾರಕ ಏಕಿರಲಿಲ್ಲ, ವಿಮೆ ಏಕಿರಲಿಲ್ಲ ಎಂದು ಕೇಳುವ ಅಭ್ಯಾಸ ನಮಗಿಲ್ಲ. ಬಡವರ ಅಪಾಯವನ್ನು ಧೈರ್ಯವೆಂದು ಕರೆದು ಸುಮ್ಮನಾಗಿಬಿಡುವುದು ಸುಲಭ.

ಕಾನೂನಿಗೆ ಈ ಅಪಾಯ ತಿಳಿಯದ ವಿಷಯವೇನೂ ಅಲ್ಲ. ಮಹಾರಾಷ್ಟ್ರದ ದಹಿಹಂಡಿಯಲ್ಲಿ ಮೊಸರುಕುಡಿಕೆ ಒಡೆಯಲು ಕಟ್ಟುವ ಮಾನವ ಗೋಪುರಗಳ ಬಗ್ಗೆ 2014ರಲ್ಲಿ ಬಾಂಬೆ ಹೈಕೋರ್ಟ್ ವಯಸ್ಸು ಮತ್ತು ಎತ್ತರದ ಮಿತಿ ವಿಧಿಸಿತು. 2017ರಲ್ಲಿ ಎತ್ತರದ ಮಿತಿ ಸಡಿಲಗೊಂಡರೂ 14 ವರ್ಷದೊಳಗಿನ ಮಕ್ಕಳನ್ನು ಗೋಪುರ ಏರಿಸುವಂತಿಲ್ಲವೆಂಬ ನಿಬಂಧನೆ ಉಳಿಯಿತು. 2022ರಲ್ಲಿ ರಾಜ್ಯ ಸರ್ಕಾರವು ದಹಿಹಂಡಿಯನ್ನು ಸಾಹಸ ಕ್ರೀಡೆಯೆಂದು ಘೋಷಿಸಿ, ಅದರಲ್ಲಿ ಮೃತಪಟ್ಟವರ ಕುಟುಂಬಕ್ಕೆ ರೂ 10 ಲಕ್ಷ ಪರಿಹಾರವನ್ನು ಪ್ರಕಟಿಸಿತು. ವರ್ಷಕ್ಕೊಮ್ಮೆ ಗೋಪುರ ಕಟ್ಟುವವನಿಗೆ ಇಷ್ಟಾದರೂ ಆಸರೆಯುಂಟು. ಪ್ರತಿ ರಾತ್ರಿ ಗೆಳೆಯನನ್ನು ಗಾಳಿಗೆ ಎಸೆದು ಹಿಡಿಯುವ ನೃತ್ಯತಂಡದ ಹುಡುಗನಿಗೆ ಆ ಪರಿಹಾರ ಅನ್ವಯಿಸದು. ಅಮೆರಿಕಕ್ಕೆ ಹೋದ ‘ವಿ. ಅನ್‌ಬೀಟಬಲ್’ ತಂಡದಲ್ಲಿ 12 ವರ್ಷದ ಮಕ್ಕಳೂ ಇದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ಹಣದ ಮಾತು. ಹತ್ತು ಲಕ್ಷ ಡಾಲರ್ ಎಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು ರೂ 7 ಕೋಟಿ. ಅದನ್ನು ವೇದಿಕೆಯ ಮೇಲಿದ್ದ 14 ಮಂದಿಗೆ ಸಮನಾಗಿ ಹಂಚಿದರೆಂದು ಭಾವಿಸಿದರೆ ತಲಾ ರೂ 50 ಲಕ್ಷ. ಅನಿವಾಸಿಗಳ ಬಹುಮಾನದ ಮೇಲೆ ಅಮೆರಿಕದಲ್ಲಿ ಸಾಮಾನ್ಯವಾಗಿ ಮುರಿದುಕೊಳ್ಳುವ ಶೇ 30ರ ತೆರಿಗೆ ಕಳೆದರೆ ರೂ 35 ಲಕ್ಷ. 2011ರ ಗೆಲುವಿನಿಂದ ಎಂಟು ವರ್ಷಗಳ ದುಡಿಮೆಗೆ ಅದನ್ನು ಹರಡಿದರೆ ತಿಂಗಳಿಗೆ ಸುಮಾರು ರೂ 36 ಸಾವಿರ. ಜಗತ್ತನ್ನೇ ಗೆದ್ದವರ ಬಹುಮಾನವು ಒಬ್ಬ ಸಾಧಾರಣ ಗುಮಾಸ್ತನ ಸಂಬಳಕ್ಕೆ ಇಳಿಯಿತು! ಸೋತ ನೂರಾರು ತಂಡಗಳ ಲೆಕ್ಕ ಹಾಕುವುದೇ ಬೇಡ. ಅರ್ಥಶಾಸ್ತ್ರಜ್ಞ ಶರ್ವಿನ್ ರೋಸೆನ್ 1981ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ತಂತ್ರಜ್ಞಾನವು ಒಬ್ಬನೇ ಕಲಾವಿದನನ್ನು ಕೋಟಿ ಜನರಿಗೆ ತಲುಪಿಸುವಾಗ ಪ್ರತಿಭೆಯಲ್ಲಿನ ಕೂದಲೆಳೆಯ ವ್ಯತ್ಯಾಸವೂ ಆದಾಯದಲ್ಲಿ ಕಂದರದಷ್ಟು ಅಂತರವಾಗುವುದನ್ನು ವಿವರಿಸಿದ್ದಾರೆ. ರಿಯಾಲಿಟಿ ಷೋಗಳು ನಿಂತಿರುವುದು ಆ ಕಂದರದ ಅಂಚಿನಲ್ಲೇ.

ಗೆದ್ದ ಹಣವಾದರೂ ಸುರಕ್ಷಿತವೇ? 2024ರ ಅಕ್ಟೋಬರ್‌ನಲ್ಲಿ ನೃತ್ಯತಂಡವೊಂದಕ್ಕೆ ಸಲ್ಲಬೇಕಾದ ಸುಮಾರು ರೂ 12 ಕೋಟಿ ವಂಚನೆಯಾಗಿದೆ ಎಂಬ ದೂರು ಮೀರಾ ರೋಡ್ ಪೊಲೀಸರಲ್ಲಿ ದಾಖಲಾಯಿತು. ಇದು ಆಪಾದನೆ ಮಾತ್ರ. ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಲಿಖಿತ ಕರಾರು, ನೋಂದಾಯಿತ ಸಂಘ, ತಂಡದ ಹೆಸರಿನ ಬ್ಯಾಂಕ್ ಖಾತೆ ಮತ್ತು ವಾರ್ಷಿಕ ಲೆಕ್ಕತಪಾಸಣೆ ಇಲ್ಲದ ಕಡೆ ಸ್ನೇಹ ಎಷ್ಟೇ ಗಟ್ಟಿಯಾದರೂ ಹಣಕ್ಕೆ ಕಾವಲಿರುವುದಿಲ್ಲ. ಸಹಕಾರ ಸಂಘಗಳ ಕಡತಗಳನ್ನು ದಶಕಗಳ ಕಾಲ ನೋಡಿದವನಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ: ಹಾಲು ಮಾರುವ ರೈತನಿಗೆ ಸಾಧ್ಯವಾದ ಸಹಕಾರವು ಕುಣಿಯುವ ಹುಡುಗನಿಗೂ ಅಸಾಧ್ಯವಲ್ಲ. ಒಬ್ಬರನ್ನೊಬ್ಬರು ಎತ್ತಿ ಹಿಡಿಯುವುದೇ ಸಹಕಾರದ ಅರ್ಥವಾದರೆ, ಅದನ್ನು ಇವರಿಗಿಂತ ಚೆನ್ನಾಗಿ ಬಲ್ಲವರಾರು?

ಮತ್ತೊಂದು ಸಂಗತಿ ನಮ್ಮ ಗಮನಕ್ಕೆ ಬರಬೇಕು. ಈ ವೇದಿಕೆಗಳ ಮೇಲೆ ಬಹುಪಾಲು ಹುಡುಗರೇ ಕಾಣುತ್ತಾರೆ. ಅದೇ ಓಣಿಗಳಲ್ಲಿ ಅಷ್ಟೇ ಚುರುಕಾದ ಹುಡುಗಿಯರಿಲ್ಲವೆಂದಲ್ಲ. ದುಡಿಮೆ ಮುಗಿಸಿದ ಮೇಲೆ ಸಿಕ್ಕ ಬಯಲಲ್ಲಿ ತಡರಾತ್ರಿಯವರೆಗೆ ಅಭ್ಯಾಸ ಮಾಡುವ ಸ್ವಾತಂತ್ರ್ಯ ಅವರಿಗಿಲ್ಲ. ಬೆಳಕಿರುವ, ಬಾಗಿಲಿರುವ, ಶೌಚಾಲಯವಿರುವ ಒಂದು ಸಾರ್ವಜನಿಕ ಕೊಠಡಿ ಇದ್ದರೆ ತಂದೆತಾಯಿ ಅವರನ್ನೂ ಕಳಿಸಿಯಾರು.

ಹಿಪ್ ಹಾಪ್ ಹುಟ್ಟಿದ್ದೂ ಒಂದು ಸಾಮುದಾಯಿಕ ಕೊಠಡಿಯಲ್ಲೇ. ಅಂಥ ಕೊಠಡಿಗೆ ಹೊಸ ಯೋಜನೆಯೂ ಬೇಡ, ವಿಶೇಷ ಅನುದಾನವೂ ಬೇಡ. ಮುಂಬೈಯಲ್ಲಾಗಲೀ ನಮ್ಮ ಬೆಂಗಳೂರಿನಲ್ಲಾಗಲೀ ಪಾಲಿಕೆಯ ಶಾಲೆಗಳು ಸಂಜೆಯ ನಂತರ ಬೀಗ ಹಾಕಿಕೊಂಡಿರುತ್ತವೆ. ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರಗಳಿವೆ. ಅವುಗಳಲ್ಲಿ ದಿನಕ್ಕೆ ಎರಡು ಗಂಟೆ, ನಾಮಮಾತ್ರ ಶುಲ್ಕಕ್ಕೆ, ನೋಂದಾಯಿತ ತಂಡಗಳಿಗೆ ಅವಕಾಶ ಕೊಡಬಹುದು. ಕೆಳಗೆ ದಪ್ಪನೆಯ ಹಾಸು ಇರಬೇಕು, ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಇರಬೇಕು, ತಂಡದ ಪ್ರತಿಯೊಬ್ಬರಿಗೂ ಅಪಘಾತ ವಿಮೆ ಕಡ್ಡಾಯವಾಗಬೇಕು. 14 ವರ್ಷದೊಳಗಿನವರನ್ನು ಗಾಳಿಗೆ ಎಸೆಯುವ ಪ್ರದರ್ಶನವನ್ನು ವಾಹಿನಿಗಳು ಪ್ರಸಾರ ಮಾಡಕೂಡದು. ಸ್ಪರ್ಧೆಗೆ ಕರೆಯುವ ವಾಹಿನಿಗಳೇ ಅಭ್ಯಾಸದ ಅವಧಿಯ ವಿಮೆಯ ಕಂತನ್ನೂ ಭರಿಸಲಿ. ಜಾಹೀರಾತಿನ ಆದಾಯದಲ್ಲಿ ಅದು ಲೆಕ್ಕಕ್ಕೂ ಬಾರದ ಮೊತ್ತ.

ಈ ಹುಡುಗರು ಸರ್ಕಾರದಿಂದ ಏನನ್ನೂ ಪಡೆಯದೆ ಗೆದ್ದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಅವರಿಗೆ ಸಲ್ಲುತ್ತದೆ. ಆ ಮಾತಿನ ಉಳಿದರ್ಧ ನಮಗೆ ಸಲ್ಲುತ್ತದೆ. ಮುಂದಿನ ವಿಕಾಸ್ ಈ ಸಂಜೆಯೂ ಯಾವುದೋ ತಾರಸಿಯ ಮೇಲೆ ಗೆಳೆಯರ ಕೈಗಳನ್ನಷ್ಟೇ ನಂಬಿ ಚಿಮ್ಮಲು ಸಿದ್ಧನಾಗಿ ನಿಂತಿರುತ್ತಾನೆ. ಅವನ ಕಾಲಡಿಗೆ ನಾಲ್ಕು ಅಂಗುಲ ದಪ್ಪದ ಹಾಸನ್ನು ಒದಗಿಸುವುದು ಯಾವ ನಗರಾಡಳಿತಕ್ಕೂ ಭಾರವಾದ ಬಾಬತ್ತಲ್ಲ.