ನೆರೆ ಸಂತ್ರಸ್ತರಿಗೂ ಉಚಿತ ವಕೀಲರ ನೆರವು: ಕಾನೂನು ಕಾಲೇಜುಗಳ ಪಾತ್ರವೇನು?

ಮುನವಳ್ಳಿ: 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ಉಕ್ಕಿ ಹರಿದಾಗ ಸವದತ್ತಿ, ರಾಮದುರ್ಗ ತಾಲ್ಲೂಕುಗಳ ನದಿ ದಂಡೆಯ ಊರುಗಳಲ್ಲಿ ಮನೆಗಳು ಕುಸಿದವು. ರಾಜ್ಯ ಸರಕಾರ ತುರ್ತು ನೆರವಾಗಿ 10 ಸಾವಿರ ರೂ., ಪೂರ್ಣ ಕುಸಿದ ಮನೆಯ ಪುನರ್ನಿರ್ಮಾಣಕ್ಕೆ 5 ಲಕ್ಷ ರೂ. ಘೋಷಿಸಿತು. ಆದರೆ ಪರಿಹಾರವೆಂಬುದು ಕಾಗದಪತ್ರಗಳ ವ್ಯವಹಾರ. ಮನೆಯ ಉತಾರ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ, ಅಣ್ಣ ತಮ್ಮಂದಿರಲ್ಲಿ ವಾಟಣಿ ಆಗಿರದಿದ್ದರೆ, ದಾಖಲೆಗಳೇ ನೀರುಪಾಲಾಗಿದ್ದರೆ ಸಂತ್ರಸ್ತರು ಯಾರ ಬಳಿ ಹೋಗಬೇಕು? ವಕೀಲರಿಗೆ ಶುಲ್ಕ ಕೊಡುವ ಶಕ್ತಿಯಂತೂ ಆ ಹೊತ್ತಿಗೆ ಇರುವುದಿಲ್ಲ.

ಈ ಪ್ರಶ್ನೆಗೆ ಕಾನೂನಿನಲ್ಲಿಯೇ ಉತ್ತರವಿದೆ. ಅದು ಜನರಿಗೆ ತಲುಪಿದ್ದು ಮಾತ್ರ ಕಡಿಮೆ.

ಯಾರು ಅರ್ಹರು?

ಸಂವಿಧಾನದ 39ಎ ವಿಧಿಯನ್ನು 1976ರ 42ನೇ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಬಡತನದ ಕಾರಣಕ್ಕೆ ಯಾರೂ ನ್ಯಾಯದಿಂದ ವಂಚಿತರಾಗಬಾರದು ಎಂಬುದು ಅದರ ಆಶಯ. ಇದನ್ನು ಕಾರ್ಯರೂಪಕ್ಕೆ ತರಲು ರೂಪುಗೊಂಡ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು.

ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ಕಾನೂನು ಸೇವೆಗೆ ಅರ್ಹರು. ನೆರೆ, ಬರ, ಭೂಕಂಪಗಳಂಥ ವಿಪತ್ತಿಗೆ ಸಿಲುಕಿದವರೂ ಇದೇ ಪಟ್ಟಿಯಲ್ಲಿದ್ದಾರೆ. ಇವರಾರಿಗೂ ವರಮಾನದ ಮಿತಿ ಅನ್ವಯಿಸುವುದಿಲ್ಲ. ಉಳಿದವರಿಗೆ ಮಾತ್ರ ಸರಕಾರ ಗೊತ್ತುಪಡಿಸಿದ ವಾರ್ಷಿಕ ವರಮಾನದ ಮಿತಿಯಿದ್ದು, ಅದಕ್ಕೆ ಅರ್ಜಿದಾರರ ಪ್ರಮಾಣ ಪತ್ರವೇ ಸಾಕಾಗಬಹುದು. ವಿಪತ್ತು ಸಂತ್ರಸ್ತರಿಗಾಗಿಯೇ ರಾಷ್ಟ್ರೀಯ ಪ್ರಾಧಿಕಾರ 2010ರಲ್ಲಿ ಪ್ರತ್ಯೇಕ ಯೋಜನೆಯನ್ನೂ ರೂಪಿಸಿದೆ.

ಹಕ್ಕು ಇದ್ದರೂ ಅದರ ಅರಿವಿಲ್ಲದಿದ್ದರೆ ಫಲವಿಲ್ಲ. 1986ರ ಸುಖ್ ದಾಸ್ ಪ್ರಕರಣದಲ್ಲಿ ವಕೀಲರಿಲ್ಲದೆ ವಿಚಾರಣೆ ಎದುರಿಸಿದ್ದ ಆರೋಪಿಯ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಉಚಿತ ನೆರವಿನ ಹಕ್ಕು ಗೊತ್ತೇ ಇಲ್ಲದವರು ಅದನ್ನು ಕೇಳಲಿಲ್ಲವೆಂದು ನಿರಾಕರಿಸಲಾಗದು ಎಂಬುದು ತೀರ್ಪಿನ ಸಾರ.

ವಿದ್ಯಾರ್ಥಿಗಳ ಕೆಲಸ

ಇಲ್ಲಿಯೇ ಕಾನೂನು ಕಾಲೇಜುಗಳ ಪಾತ್ರ ಆರಂಭವಾಗುತ್ತದೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ಈ ಭಾಗಕ್ಕೆ ವಕೀಲರನ್ನು, ನ್ಯಾಯಾಧೀಶರನ್ನು ಕೊಡುತ್ತ ಬಂದಿದೆ. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು.

ಭಾರತೀಯ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳಂತೆ ಪ್ರತಿ ಕಾನೂನು ಕಾಲೇಜೂ ಕಾನೂನು ನೆರವು ಕೇಂದ್ರ ಹೊಂದಿರಬೇಕು. ಕರಡು ಬರಹ, ವೃತ್ತಿ ನೀತಿ, ಪರ್ಯಾಯ ವ್ಯಾಜ್ಯ ಪರಿಹಾರ ಹಾಗೂ ಅಣಕು ನ್ಯಾಯಾಲಯ ಕಡ್ಡಾಯ ಪ್ರಾಯೋಗಿಕ ವಿಷಯಗಳು. ಇದಲ್ಲದೆ ಮೂರು ವರ್ಷದ ಪದವಿಯಲ್ಲಿ ಕನಿಷ್ಠ 12 ವಾರ, ಐದು ವರ್ಷದ ಪದವಿಯಲ್ಲಿ ಕನಿಷ್ಠ 20 ವಾರ ತರಬೇತಿ ಪಡೆಯಬೇಕು.

ರಾಷ್ಟ್ರೀಯ ಪ್ರಾಧಿಕಾರದ 2011ರ ನಿಯಮಾವಳಿ ಇನ್ನೂ ಮುಂದೆ ಹೋಗಿದೆ. ವಿದ್ಯಾರ್ಥಿಗಳು ಹಳ್ಳಿಯನ್ನು ದತ್ತು ಪಡೆದು, ಶಿಬಿರ ನಡೆಸಿ, ಅಲ್ಲಿನ ಜನರ ಕಾನೂನು ಸಮಸ್ಯೆಗಳ ಸಮೀಕ್ಷೆ ಮಾಡಬಹುದು. ಅಂತಿಮ ವರ್ಷದವರು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನೆರವನ್ನೂ ನೀಡಬಹುದು.

ಮಿತಿಯೂ ಇದೆ. 1961ರ ವಕೀಲರ ಕಾಯ್ದೆಯಡಿ ನೋಂದಾಯಿತ ವಕೀಲರಿಗೆ ಮಾತ್ರ ವಕಾಲತ್ತು ವಹಿಸುವ ಹಕ್ಕು. ಆದ್ದರಿಂದ ವಿದ್ಯಾರ್ಥಿ ವಾದ ಮಂಡಿಸುವಂತಿಲ್ಲ. ಆದರೆ ಸಂತ್ರಸ್ತರ ಅಹವಾಲು ಆಲಿಸಿ ಬರೆದುಕೊಳ್ಳುವುದು, ಉತಾರ, ಪಹಣಿ, ವಂಶಾವಳಿ ಜೋಡಿಸಿಕೊಡುವುದು, ಅರ್ಜಿ ಸಿದ್ಧಪಡಿಸಿ ತಾಲ್ಲೂಕು ಸಮಿತಿಗೆ ತಲುಪಿಸುವುದು ಸಾಧ್ಯ. ನೆರೆ ಪೀಡಿತರಿಗೆ ಹೆಚ್ಚಾಗಿ ಬೇಕಾದದ್ದೂ ಇದೇ.

ಸಂಶೋಧನೆಯೂ ಇದರಿಂದಲೇ ಹುಟ್ಟಬೇಕು. ಯಾವ ಊರಿನಲ್ಲಿ ಎಷ್ಟು ಪರಿಹಾರ ಅರ್ಜಿಗಳು ತಿರಸ್ಕೃತವಾದವು, ಎಷ್ಟಕ್ಕೆ ವಾರಸಾ ದಾಖಲಾಗದಿರುವುದೇ ಕಾರಣ ಎಂಬುದನ್ನು ಮನೆಮನೆಗೆ ಹೋಗಿ ದಾಖಲಿಸಿದರೆ, ಅದು ಮುಂದಿನ ನೆರೆಯ ಹೊತ್ತಿಗೆ ಆಡಳಿತಕ್ಕೂ ಮಾರ್ಗದರ್ಶಿಯಾದೀತು. ಭಾಷಣದೊಂದಿಗೆ ಮುಗಿದು, ಒಂದು ಅರ್ಜಿಯೂ ಬರೆಯದ ಶಿಬಿರದಿಂದ ವಿದ್ಯಾರ್ಥಿಗೂ ಕಲಿಕೆಯಿಲ್ಲ, ಊರಿಗೂ ಲಾಭವಿಲ್ಲ.

ಅರ್ಜಿ ಹೇಗೆ?

ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಮುನವಳ್ಳಿ ಭಾಗದವರು ಸವದತ್ತಿಯ ಸಮಿತಿಗೆ ಅಥವಾ ಬೆಳಗಾವಿಯ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿಯೂ ಕೋರಬಹುದು. ಶುಲ್ಕರಹಿತ ದೂರವಾಣಿ 15100.

ಅಣ್ಣ ತಮ್ಮಂದಿರ ವಾಟಣಿಯಂಥ ವ್ಯಾಜ್ಯಗಳನ್ನು ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಲೂ ಅವಕಾಶವಿದೆ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಮಾನ್ಯತೆಯಿದ್ದು, ಅದರ ವಿರುದ್ಧ ಮೇಲ್ಮನವಿ ಇಲ್ಲ. ಹಾಗಾಗಿ ಸಹಿ ಹಾಕುವ ಮುನ್ನ ಷರತ್ತುಗಳನ್ನು ಪೂರ್ತಿ ಓದಿಸಿ ತಿಳಿದುಕೊಳ್ಳುವುದು ಅಗತ್ಯ.